ಐಸಿಯುನಲ್ಲಿ ಅಪ್ಪಯ್ಯ ಏನೇನೋ ಮಾತಾಡ್ತಿದ್ದಾರೆ, ಕಿಟಕಿ ಇಲ್ಲದ ಕೋಣೆಯಿಂದ ಹೀಗಾಯ್ತಾ?

ಪ್ರಶ್ನೆ (ಶಿರಸಿಯಿಂದ):
ಡಾಕ್ಟ್ರೇ, ಅಪ್ಪಯ್ಯನಿಗೆ 74 ವರ್ಷ. ನ್ಯುಮೋನಿಯಾ ಜೋರಾಗಿ ಹುಬ್ಬಳ್ಳಿಯ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಾರೆ. ಉಸಿರಾಟ ಸುಧಾರಿಸಿದೆಯಂತೆ. ಆದರೆ ನಿನ್ನೆಯಿಂದ ಆಯಿಯನ್ನೇ ಗುರುತು ಹಿಡಿಯುತ್ತಿಲ್ಲ. "ಮೇಲೆ ಮಾಡಿನ ತುಂಬ ಚಗಳಿ ಇರುವೆ ಹರಿದಾಡ್ತಿದೆ, ಅಂಗಳದ ಅಡಿಕೆ ಒದ್ದೆಯಾಯ್ತು" ಅಂತ ಎದ್ದು ಹೊರಡಲು ನೋಡುತ್ತಾರೆ. ಒಳಗೆ ಕಿಟಕಿಯೇ ಇಲ್ಲ, ಹಗಲೂ ರಾತ್ರಿಯೂ ಟ್ಯೂಬ್‌ಲೈಟ್, ಯಾವಾಗಲೂ ಮಷಿನ್ನಿನ ಕುಂಯ್ ಕುಂಯ್. ಕಿಟಕಿ ಇರುವ ಬೇರೆ ಆಸ್ಪತ್ರೆಗೆ, ಮಣಿಪಾಲಕ್ಕಾದರೂ ಸರಿ, ಕರೆದೊಯ್ಯೋಣ ಅನ್ನುತ್ತಾನೆ ತಮ್ಮ. ಅಪ್ಪಯ್ಯನಿಗೆ ತಲೆ ಕೆಟ್ಟಿತೇ?

ಉತ್ತರ (ಐಸಿಯು ವೈದ್ಯೆ):
ತಲೆ ಕೆಟ್ಟಿಲ್ಲ, ಹೆದರಬೇಡಿ. ನೀವು ಹೇಳಿದ್ದು ಡೆಲಿರಿಯಮ್‌ನಂತೆ, ಅಂದರೆ ಕಾಯಿಲೆ ಬಿದ್ದಾಗ ದಿಢೀರನೆ ಬರುವ ಮನಸ್ಸಿನ ಗೊಂದಲದಂತೆ ಕಾಣುತ್ತದೆ. ಐಸಿಯುನಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಇದು ತುಂಬಾ ಸಾಮಾನ್ಯ. ಹೆಚ್ಚಿನವರಲ್ಲಿ ಇಳಿಯುತ್ತದೆ. ಆದರೆ ಕಡೆಗಣಿಸುವಂಥದ್ದಲ್ಲ.

ಮೊದಲು ದೇಹದೊಳಗಿನ ಕಾರಣ ಹುಡುಕಬೇಕು: ಸೋಂಕು, ಆಮ್ಲಜನಕ ಕಡಿಮೆಯಾಗಿದ್ದು, ಸೋಡಿಯಂ ಏರುಪೇರು, ಮೂತ್ರ ಕಟ್ಟಿದ್ದು, ಮಿಡಜೋಲಾಮ್‌ನಂಥ ನಿದ್ದೆ ಔಷಧಿ. ದಿನಾ ಮದ್ಯ ತೆಗೆದುಕೊಳ್ಳುತ್ತಿದ್ದರೆ ಸಂಕೋಚವಿಲ್ಲದೆ ಡಾಕ್ಟರಿಗೆ ಹೇಳಿ, ಅದು ಬಿಟ್ಟಾಗಲೂ ಹೀಗಾಗುತ್ತದೆ.

ಇನ್ನು ಕೋಣೆ. ಕಿಟಕಿಯ ಮಾತು ಸುಳ್ಳಲ್ಲ. 1972ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಆಪರೇಷನ್ ಆದವರನ್ನು ಹೋಲಿಸಿತು. ಕಿಟಕಿ ಇಲ್ಲದ ಐಸಿಯುನಲ್ಲಿ ಶೇ. 40 ಜನರಿಗೆ, ಕಿಟಕಿ ಇದ್ದದ್ದರಲ್ಲಿ ಶೇ. 18 ಜನರಿಗೆ ಡೆಲಿರಿಯಮ್ ಬಂದಿತ್ತು. ವಾಟ್ಸಾಪಿನಲ್ಲಿ ಓಡಾಡುವುದು ಮಾತ್ರ 1984ರ ರೋಜರ್ ಉಲ್ರಿಚ್ ಅವರ ಅಧ್ಯಯನ: ಕಿಟಕಿಯಲ್ಲಿ ಮರ ಕಂಡವರು ಇಟ್ಟಿಗೆ ಗೋಡೆ ಕಂಡವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಆದರೆ ಅವರು ಪಿತ್ತಕೋಶದ ಆಪರೇಷನ್ ಆದವರು, ಒಟ್ಟು 46 ಮಂದಿ. ಐಸಿಯು ರೋಗಿಗಳಲ್ಲ! ನೆದರ್ಲೆಂಡ್ಸ್‌ನಲ್ಲಿ ಐಸಿಯುಗೇ ಹಗಲಿನಂಥ ಪ್ರಖರ ದೀಪ ಹಾಕಿ ಪರೀಕ್ಷಿಸಿದರು. 2016ರಲ್ಲಿ ಬಂದ ಫಲಿತಾಂಶ: ಡೆಲಿರಿಯಮ್ ಕಡಿಮೆಯಾಗಲಿಲ್ಲ. ಹಾಗಾಗಿ ಒಂದು ಕಿಟಕಿಯ ಸಲುವಾಗಿ, ಆಮ್ಲಜನಕದ ಮೇಲಿರುವ ಅಪ್ಪಯ್ಯನನ್ನು ಆಂಬುಲೆನ್ಸಿನಲ್ಲಿ ಹಾಕಿ ಅರಬೈಲ್ ಘಟ್ಟ ಇಳಿಸಬೇಡಿ.

ನನ್ನ ಕಣ್ಣಿಗೆ ದೊಡ್ಡ ಶತ್ರು ಸದ್ದು ಮತ್ತು ನಿದ್ದೆಗೇಡು. ರೋಗಿಯ ಕೋಣೆ ರಾತ್ರಿ 30 ಡೆಸಿಬಲ್ ಆಸುಪಾಸು ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐಸಿಯುಗಳಲ್ಲಿ 50 ದಾಟುವುದು ಮಾಮೂಲು. ಅಲಾರ್ಮು ಬೇಕೇ ಬೇಕು, ಆದರೆ ನಮ್ಮವರ ಹರಟೆ, ಮೊಬೈಲು, ಎಳೆದಾಡುವ ಸ್ಟೂಲು? ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ಅಪ್ಪಯ್ಯನ ಕನ್ನಡಕ ಎಲ್ಲಿದೆ? ಬಹುಶಃ ನಿಮ್ಮ ಬ್ಯಾಗಿನಲ್ಲಿ. ತೂತು ತೂತಿನ ಫಾಲ್ಸ್ ಸೀಲಿಂಗನ್ನು ಕನ್ನಡಕವಿಲ್ಲದೆ ಅಂಗಾತ ಮಲಗಿ ನೋಡಿದರೆ ಚುಕ್ಕಿಗಳು ಚಗಳಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಭೇಟಿ ಸಿಕ್ಕಾಗ ಕನ್ನಡಕ ಹಾಕಿ, "ಇದು ಹುಬ್ಬಳ್ಳಿ, ಆಸ್ಪತ್ರೆ, ಈಗ ಬೆಳಿಗ್ಗೆ" ಅಂತ ನಿಧಾನ ಹೇಳಿ. ವಾದ ಬೇಡ. ಅಡಿಕೆ ಒಳಗೆ ಹಾಕಿದ್ದೇವೆ ಅಂದರೆ ಸಾಕು. ರಾತ್ರಿ ಅವರ ತಲೆಯ ಮೇಲಿನ ದೀಪವೊಂದನ್ನು ಆರಿಸಲಾದೀತೇ, ಕಿವಿಗೆ ಇಯರ್‌ಪ್ಲಗ್ ಹಾಕಬಹುದೇ ಅಂತ ಸಿಸ್ಟರ್‌ನ ಕೇಳಿ. ಹಗಲು ಕೂರಿಸಲು ಸಾಧ್ಯವಾದರೆ ಕೂರಿಸಲಿ.

ಪ್ರತಿಕ್ರಿಯೆ (ಕಾರವಾರ, ಸ್ಟಾಫ್ ನರ್ಸ್):
ಕಿವಿಯ ಮಷಿನ್ ಇದ್ದವರಿಗೆ ಅದನ್ನೂ ಕೊಡಿ. ಕಿವಿ ಕೇಳದವರನ್ನು "ಮಾತು ಕೇಳ್ತಿಲ್ಲ, ಗೊಂದಲ" ಅಂತ ಬರೆದುಬಿಡುವುದು ನಮ್ಮಲ್ಲೂ ಇದೆ.

ಪ್ರಶ್ನೆ (ಕುಮಟಾ):
ಮೇಡಂ, ನಾವು ನರ್ಸಿಂಗ್ ಹೋಮಿಗೆ ನಾಲ್ಕು ಹಾಸಿಗೆಯ ಐಸಿಯು ಕಟ್ಟಿಸ್ತಾ ಇದ್ದೇವೆ. ಏನು ಗಮನಿಸಬೇಕು?

ಉತ್ತರ (ಐಸಿಯು ವೈದ್ಯೆ):
ಕಿಟಕಿ ಇಡಿ, ಆದರೆ ತೆರೆಯದ ಗಾಜಿನದ್ದು. ನಮ್ಮ ಕರಾವಳಿಯ ಮಳೆಗಾಲದ ತೇವ ಒಳಬಂದರೆ ಬೂಷ್ಟು ಖಂಡಿತ. ಹಾಸಿಗೆಯಿಂದ ತಲೆ ಎತ್ತದೆ ಆಕಾಶ ಕಾಣುವ ಎತ್ತರದಲ್ಲಿರಲಿ. ತಲೆಯ ಹಿಂದೆ ಕಿಟಕಿ ಇಟ್ಟರೆ ಡ್ಯೂಟಿ ಸಿಸ್ಟರ್‌ಗೆ ಮಾತ್ರ ಲಾಭ. ಆಷಾಢದಲ್ಲಿ ಹೇಗೂ ಮಧ್ಯಾಹ್ನವೂ ಮಬ್ಬು, ಆದ್ದರಿಂದ ಪ್ರತಿ ಹಾಸಿಗೆಯ ಎದುರು ದೊಡ್ಡ ಗಡಿಯಾರ, ವಾರ ತೋರಿಸುವಂಥದ್ದು. ಪ್ರತಿ ಹಾಸಿಗೆಯ ದೀಪಕ್ಕೆ ಬೇರೆ ಸ್ವಿಚ್ಚು, ಕಡಿಮೆ ಮಾಡುವ ಸೌಲಭ್ಯದೊಂದಿಗೆ. ಹಾಸಿಗೆಗಳ ನಡುವೆ ಗೋಡೆ ಸಾಧ್ಯವಾದರೆ ಒಳ್ಳೆಯದು, ಸೋಂಕು ಹರಡುವುದೂ ಕಡಿಮೆ. ಗೋಡೆ ಹಾಕಿದರೆ ಸಿಸ್ಟರ್‌ಗೆ ರೋಗಿ ಕಾಣುವಂತೆ ಗಾಜು ಮರೆಯಬೇಡಿ. ಕೈತೊಳೆಯುವ ಸಿಂಕು ಬಾಗಿಲ ಬಳಿಯೇ ಇರಲಿ, ಮೂಲೆಯಲ್ಲಿದ್ದರೆ ಯಾರೂ ಹೋಗುವುದಿಲ್ಲ. ಮತ್ತೆ ಆ ತೂತಿನ ಸೀಲಿಂಗ್, ದಯವಿಟ್ಟು ಬೇಡ.

ಪ್ರಶ್ನೆ ಕೇಳಿದವರು (ಶಿರಸಿ):
ಕನ್ನಡಕ ಬ್ಯಾಗಲ್ಲೇ ಇತ್ತು ಮೇಡಂ. ಸೋಡಿಯಂ ಕಡಿಮೆ ಇತ್ತಂತೆ, ಔಷಧಿ ಶುರು ಮಾಡಿದ್ದಾರೆ.