ಕೂಸಿನ ಬೆನ್ನಾಗ ಮಣಿ ಅರ್ಧ ಐತಂತ, ಗ್ರಹಣದಿಂದ ಹಿಂಗಾಗತೈತೇನ್ರಿ?

ಕುಷ್ಟಗಿ ಕಡೇವ:
ತಂಗಿ ಮಗಳಿಗೆ 9 ತಿಂಗಳ್ರಿ. ಅಂಗಿ ಹಾಕಿದ್ರ ಯಾವಾಗ್ಲೂ ಬಲಗಡಿ ಭುಜದಿಂದ ಜಾರತಿತ್ತು, ಅಳತಿ ದೊಡ್ಡದಾಗೈತಿ ಅಂತ ಸುಮ್ನಿದ್ವಿ. ಎಕ್ಸ್‌ರೇ ತೆಗಸಿದ್ರ ಬೆನ್ನೆಲುಬಿನ ಒಂದು ಮಣಿ ಅರ್ಧನ ಐತಿ, ಅದರ ಕೆಳಗಿನ ಎರಡು ಕೂಡ್ಕೊಂಡಾವ, ನಡುವ ಇರಬೇಕಾದ ಮೆತ್ತನ ಗಾದಿ, ಅಂದ್ರ ಡಿಸ್ಕೇ ಇಲ್ಲ ಅಂದ್ರು. ತಂಗಿ 7 ತಿಂಗಳ ಬಸುರಿದ್ದಾಗ ಗ್ರಹಣದ ಹೊತ್ತಿನ್ಯಾಗ ಹೊರಗ ಬಂದ್ಲು, ಅದಕ್ಕ ಹಿಂಗಾತು ಅಂತ ಆಕಿ ಅತ್ತಿ ದಿನಾ ಅಂತಾರ, ಅತ್ತಿ ಅಂದ್ರ ನಮ್ಮಪ್ಪನ ಸ್ವಂತ ತಂಗಿನ. ತಂಗಿ ಉಣ್ಣೂದ ಬಿಟ್ಟಾಳ. ಮುಂದಿನ ಕೂಸಿಗೂ ಹಿಂಗ ಆಗತೈತೇನ್ರಿ?

ಸಿಂಧನೂರು ಬಯಾಲಜಿ ಸರ್:
ಗ್ರಹಣಕ್ಕೂ ಇದಕ್ಕೂ ಸಂಬಂಧನ ಇಲ್ರಿ, ಮೊದ್ಲು ಇದನ್ನ ತಂಗಿಗೆ ಹೇಳ್ರಿ. ಮಣಿಗಳ ಹಂಚಿಕಿ ಆಗೂದು ಗರ್ಭ ನಿಂತ 3ರಿಂದ 5ನೇ ವಾರದೊಳಗ, ಎಷ್ಟೋ ಮಂದಿಗೆ ಆಗಿನ್ನೂ ಬಸುರಿ ಅನ್ನೂದೂ ಗೊತ್ತಿರಂಗಿಲ್ಲ. ಬೆನ್ನುದ್ದಕ್ಕೂ ನೊಟೊಕಾರ್ಡ್ ಅಂತ ಒಂದು ಎಳಿ ಇರತೈತಿ, ಅದರ ಎರಡೂ ಬಾಜೂ ಸೋಮೈಟ್ ಅನ್ನೋ ಉಂಡಿ ಜೋಡಿ ಜೋಡಿ ಮೂಡತಾವ, ಗಡಿಯಾರ ಇಟ್ಟಂಗ. ಸೋಮೈಟಿಂದ ಮಣಿನೂ ಡಿಸ್ಕಿನ ಹೊರಗಿನ ಗಟ್ಟಿ ಬಳಿನೂ ಆಗತಾವ, ನೊಟೊಕಾರ್ಡ್ ಮಣಿ ಇರೋ ಕಡಿ ಕರಗಿ ಡಿಸ್ಕಿನ ಒಳಗಿನ ಲೋಳಿಯಾಗಿ ಉಳಿತೈತಿ. ಈ ಲೆಕ್ಕ ಕಾಯೋ ಜೀನ್ ಅಂದ್ರ ಡಿಎಲ್‌ಎಲ್3, ಹೆಸ್7, ಟಿಬಿಎಕ್ಸ್6 ಇಂಥಾವು. ಜೋಡಿ ತಪ್ಪಿದ್ರ ಅರ್ಧ ಮಣಿ, ಬ್ಯಾರಿ ಆಗದಿದ್ರ ಡಿಸ್ಕ್ ಇಲ್ಲದ ಕೂಡು ಮಣಿ. ಟಿಬಿಎಕ್ಸ್6 ಬಗ್ಗೆ 2015ರಾಗ ಚೀನಾದಿಂದ ದೊಡ್ಡ ಅಧ್ಯಯನ ಬಂತು, ಹುಟ್ಟಾನ ಬೆನ್ನು ಸೊಟ್ಟ ಇದ್ದವರೊಳಗ ಹತ್ತಕ್ಕ ಒಬ್ಬರಷ್ಟು ಮಂದಿಗೆ ಈ ಜೀನಿನ ಎರಡು ಪ್ರತಿಯೊಳಗ (ತಂದಿದೊಂದು, ತಾಯಿದೊಂದು) ಒಂದು ಕೆಟ್ಟಿತ್ತು, ಇನ್ನೊಂದು ಬಲ ಕಮ್ಮಿದಿತ್ತು. 7ನೇ ತಿಂಗಳಿಗೆ ಇದೆಲ್ಲಾ ಮುಗದು ಬಾಳ ದಿನ ಆಗಿರತೈತ್ರಿ.

ಬಳ್ಳಾರಿ ನರ್ಸಕ್ಕ:
ಅಣ್ಣಾ, ಒಂದೆರಡು ಮಣಿ ಅಷ್ಟ ಕೆಟ್ಟಿದ್ರ ಬಾಳಷ್ಟು ಸಲ ಮನ್ಯಾಗ ಒಬ್ಬರಿಗಷ್ಟ ಬರೂದು. ಆದ್ರ ಬೆನ್ನುದ್ದಕ್ಕೂ ಮಣಿ, ಪಕ್ಕೆಲುಬು ಎಲ್ಲಾ ಕೆಟ್ಟಿದ್ರ ಅದು ಬ್ಯಾರೆ, ತಂದಿ ತಾಯಿ ಇಬ್ಬರ ಕಡಿಂದಾನೂ ಜೀನಿನ ಕೆಟ್ಟ ಪ್ರತಿ ಬಂದಿರಬಹುದು, ಹಂಗಿದ್ರ ಪ್ರತಿ ಸಲಾನೂ ನಾಕಕ್ಕ ಒಂದು ಪಾಲು ಸಾಧ್ಯತೆ. ನಿಮ್ಮ ತಂಗಿದು ಸೋದರತ್ತಿ ಮನಿ ಸಂಬಂಧ, ರಕ್ತ ಸಂಬಂಧದಾಗ ಇಬ್ಬರ ಕಡಿನೂ ಅದ ಕೆಟ್ಟ ಪ್ರತಿ ಇರೋ ಸಾಧ್ಯತೆ ಹೆಚ್ಚು, ಅದಕ್ಕ ಪೂರ್ತಿ ಬೆನ್ನಿನ ಎಕ್ಸ್‌ರೇ ಹಿಡಕೊಂಡು ಜೆನೆಟಿಕ್ಸ್ ಡಾಕ್ಟ್ರಿಗೆ ತೋರಸ್ರಿ. ಕಿಡ್ನಿ ಸ್ಕ್ಯಾನು, ಹಾರ್ಟಿನ ಎಕೋ ಬಿಡಬ್ಯಾಡ್ರಿ, ಮಣಿ ತಪ್ಪಿದ ಕೂಸುಗಳಿಗೆ ಅಲ್ಲೂ ತೊಂದ್ರಿ ಇರೂದುಂಟು. ಹರಳೆಣ್ಣಿ ಹಚ್ಚಿ ಒತ್ತಿ ಒತ್ತಿ ನೆಟ್ಟಗ ಮಾಡಾಕ ಯಾರಿಗೂ ಬಿಡಬ್ಯಾಡ್ರಿ, ಎಲುಬಿನ ಆಕಾರ ಹಂಗ ತಿರುಗಂಗಿಲ್ಲ.

ಗಂಗಾವತಿ ತಾಯಿ:
ನನ್ನ ಮಗಗೂ ಅರ್ಧ ಮಣಿನ ಇತ್ತು, 6 ತಿಂಗಳಿಗೊಮ್ಮಿ ಎಕ್ಸ್‌ರೇ ನೋಡಿ, ಡೊಂಕು ಏರಾಕತ್ತಿದ ಮ್ಯಾಲ 4ನೇ ವರ್ಷಕ್ಕ ಆಪರೇಷನ್ ಮಾಡಿದ್ರು, ಈಗ ಸೈಕಲ್ ಹೊಡಿತಾನ. ಮನ್ಯಾಗ ನನಗೂ ಇದ ಮಾತು ಇತ್ರಿ. ಅತ್ತಿನ್ನ ಡಾಕ್ಟ್ರ ಮುಂದ ಕುಂದ್ರಿಸಿ ಎಕ್ಸ್‌ರೇ ತೋರಿಸಿದ್ವಿ, ಅವತ್ತಿಂದ ಅವರು ಗ್ರಹಣದ ಸುದ್ದಿ ಎತ್ತಲಿಲ್ಲ. ನಿಮ್ಮತ್ತಿನ್ನೂ ಕರಕೊಂಡ ಹೋಗ್ರಿ.

ಕುಷ್ಟಗಿ ಕಡೇವ:
ಸೋಮವಾರ ಕಿಡ್ನಿ ಸ್ಕ್ಯಾನಿಗೆ ಹೊಂಟೀವ್ರಿ. ಸರ್ ಬರದದ್ದನ್ನ ತಂಗಿಗೆ ಎರಡು ಸಲ ಓದಿ ಹೇಳೀನಿ.