ಗೋಡೌನಿನ ಇಲಿಗೆ ಮೈತುಂಬ ಚಿಗಟ, ದೇವರಕಾಡಿನ ಇಲಿಗೆ ಒಂದೂ ಇಲ್ಲ. ಯಾಕೆ?

ನಾಪೋಕ್ಲು ರೋಬಸ್ಟಾ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ನಾಪೋಕ್ಲು ಕಡೆ ಚಿಕ್ಕ ತೋಟ. ಕಾಫಿ, ಮೆಣಸು, ಕೆಳಗೆ ಒಂದಿಷ್ಟು ಗದ್ದೆ. ಗೋಡೌನಿನಲ್ಲಿ ಇಲಿ ಕಾಟ ತಡೆಯಲಾರದೆ ಬೋನು ಇಟ್ಟೆವು. ಬಿದ್ದ ಇಲಿಯ ಮೈಮೇಲೆ ಚಿಗಟ ಓಡಾಡುವುದು ಬರಿಗಣ್ಣಿಗೇ ಕಾಣುತ್ತಿತ್ತು. ಅದೇ ಬೋನನ್ನು ದೇವರಕಾಡಿನ ಕಡೆಯ ನಮ್ಮ ಬೇಲಿ ಪಕ್ಕ ಇಟ್ಟೆ. ಅಲ್ಲಿ ಬಿದ್ದ ಇಲಿಯಲ್ಲಿ ಒಂದೂ ಇಲ್ಲ! ಗದ್ದೆ ಬದುವಿನ ಹೆಗ್ಗಣದಲ್ಲಿ ಎರಡೋ ಮೂರೋ. ಬೆಕ್ಕು ಕೊಂದು ಅಂಗಳಕ್ಕೆ ತಂದು ಹಾಕಿದ್ದ ಅಳಿಲನ್ನೂ ತಿರುಗಿಸಿ ನೋಡಿದೆ, ಏನೂ ಕಾಣಲಿಲ್ಲ.

ಒಂದೇ ತೋಟ, ಒಂದೇ ಮಳೆ. ಹೀಗ್ಯಾಕೆ? ಪೊನ್ನಂಪೇಟೆಯಲ್ಲಿ ಫಾರೆಸ್ಟ್ರಿ ಓದುತ್ತಿರುವ ತಂಗಿ ಮಗಳು ಇದನ್ನೇ ಪ್ರಾಜೆಕ್ಟ್ ಮಾಡ್ತೀನಿ ಅಂತ ಕುಣಿಯುತ್ತಿದ್ದಾಳೆ. ಅತ್ತೆಗೆ ಮಾತ್ರ ಮಂಗನ ಕಾಯಿಲೆ ಭಯ.

ಸೋಮವಾರಪೇಟೆ ಹುಡುಗ:

ಅಕ್ಕ, ಅತ್ತೆಗೆ ಧೈರ್ಯ ಹೇಳಿ. ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ, ಚಿಗಟದಿಂದ ಅಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ ಅದು. ಉಣ್ಣೆಗೆ ಎಂಟು ಕಾಲು, ಕಚ್ಚಿ ಕೂತರೆ ಅಲ್ಲೇ ಊದುತ್ತದೆ. ಚಿಗಟಕ್ಕೆ ಆರು ಕಾಲು, ಮುಟ್ಟಲು ಹೋದರೆ ಹಾರುತ್ತದೆ. ಆದರೆ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇಲಿ ಜ್ವರ ಅದರ ಉಚ್ಚೆಯಿಂದ ಬರುತ್ತದೆ.

ಹಳೇ ಕೀಟ ಸಂಗ್ರಾಹಕ, ವಿರಾಜಪೇಟೆ:

ನಾನು ಆರೋಗ್ಯ ಇಲಾಖೆಯಲ್ಲಿ ಇನ್ಸೆಕ್ಟ್ ಕಲೆಕ್ಟರ್ ಆಗಿದ್ದವನು. ಇಲಿಯ ಮೈ ಬಾಚಿ ಚಿಗಟ ತೆಗೆಯುವುದೇ ಕೆಲಸ ಅಂದರೆ ಮದುವೆ ಮನೆಗಳಲ್ಲಿ ಜನ ನಗುತ್ತಿದ್ದರು. ಇರಲಿ, ಈಗ ಉಪಯೋಗಕ್ಕೆ ಬಂತಲ್ಲ.

ಮೊದಲು ನಿಮ್ಮ ಅಳಿಲಿನ ವಿಷಯ. ಅದನ್ನು ಲೆಕ್ಕದಿಂದ ತೆಗೆಯಿರಿ. ಸತ್ತ ಪ್ರಾಣಿಯ ಮೈ ತಣ್ಣಗಾಗುತ್ತಿದ್ದ ಹಾಗೆ ಚಿಗಟ ಬಿಟ್ಟು ಹೋಗುತ್ತದೆ. ಪ್ಲೇಗ್ ಹರಡಿದ್ದೂ ಹೀಗೇ ಅಲ್ವಾ? ಇಲಿ ಸತ್ತಿತು, ಹಸಿದ ಚಿಗಟ ಮನುಷ್ಯನ ಮೇಲೆ ಹಾರಿತು. ಇದನ್ನು 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟವರು ಸಿಮೊಂಡ್ ಎಂಬ ಫ್ರೆಂಚ್ ಡಾಕ್ಟರ್. ನಿಮ್ಮ ಅಳಿಲಿನ ಚಿಗಟ ಆಗಲೇ ನಿಮ್ಮ ಬೆಕ್ಕಿನ ಮೇಲೆ ಕೂತಿರಬಹುದು.

ಇನ್ನು ಗೋಡೌನು. ಇಲಿಯ ಮೈ ನೋಡಿದ್ದು ಸಾಕು, ಅದು ಮಲಗುವ ಜಾಗ ನೋಡಿ. ಚಿಗಟ ರಕ್ತ ಕುಡಿಯುವುದು ಮೈಮೇಲೆ ನಿಜ, ಆದರೆ ಮೊಟ್ಟೆ ಅಲ್ಲಿ ನಿಲ್ಲುವುದಿಲ್ಲ. ಉದುರಿ ಗೂಡಿಗೆ ಬೀಳುತ್ತದೆ. ಅದರಿಂದ ಬರುವ ಮರಿಹುಳು ಅಕ್ಕಿಹುಳದ ಹಾಗೆ ಬೆಳ್ಳಗೆ, ಕಾಲಿಲ್ಲ, ಕಣ್ಣಿಲ್ಲ. ಅದು ಯಾರನ್ನೂ ಕಚ್ಚುವುದಿಲ್ಲ. ಗೂಡಿನ ಕಸ ತಿನ್ನುತ್ತದೆ, ಜೊತೆಗೆ ದೊಡ್ಡ ಚಿಗಟಗಳು ಉದುರಿಸಿದ ಹಿಕ್ಕೆ. ಅದು ಒಣಗಿದ ರಕ್ತವೇ. ಅನುಮಾನ ಇದ್ದರೆ ಇಲಿ ಗೂಡಿನ ಕರಿ ಪುಡಿಯನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಸುತ್ತ ಕೆಂಪಗೆ ಹರಡುತ್ತದೆ.

ಈ ಮರಿಹುಳುವಿಗೆ ಗಾಳಿಯಲ್ಲಿ ತೇವ ಬೇಕು. ಬೆಕ್ಕಿನ ಚಿಗಟದ ಮರಿಯಾದರೆ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿಳಿದರೆ ಒಣಗಿ ಸಾಯುತ್ತದೆ. ಹಾಗಂತ ಗೂಡು ನೀರಲ್ಲಿ ನೆನೆಯಲೂ ಬಾರದು, ಬೂಷ್ಟು ಹಿಡಿಯಲೂ ಬಾರದು. ಈಗ ನಿಮ್ಮ ಜಾಗಗಳನ್ನೇ ನೆನೆಸಿಕೊಳ್ಳಿ. ಕಕ್ಕಡ (ಆಟಿ) ತಿಂಗಳ ಮಳೆಗೆ ಗದ್ದೆ ಬದುವಿನ ಬಿಲಕ್ಕೆ ನೀರು ನುಗ್ಗುತ್ತದೆ. ಬೇಲಿ ಪಕ್ಕದ ಇಲಿ ಎಲ್ಲಿ ಮಲಗುತ್ತಿತ್ತೋ, ಅದರ ಗೂಡು ಎಷ್ಟು ಹಳೆಯದೋ ನಿಮಗೂ ಗೊತ್ತಿಲ್ಲ. ಗೋಡೌನಿನಲ್ಲಾದರೆ ಮಳೆ ಬೀಳದು, ಬೆಚ್ಚಗಿರುತ್ತದೆ, ಹಲಗೆ ಸಂದಿಯಲ್ಲಿ ದೂಳು, ಗೋಣಿಚೀಲದ ನಾರು. ಇಲಿ ಸಂಸಾರ ತಲೆಮಾರುಗಟ್ಟಲೆ ಅದೇ ಮೂಲೆಯಲ್ಲಿ. ಚಿಗಟಕ್ಕೆ ಇನ್ನೇನು ಬೇಕು?

ಅದಕ್ಕೇ ಖಾಯಂ ಮನೆ ಇಲ್ಲದ ಪ್ರಾಣಿಗೆ ಚಿಗಟ ಕಮ್ಮಿ. ಮಂಗ ಒಂದೇ ಗೂಡಿನಲ್ಲಿ ಮಲಗುವ ಪ್ರಾಣಿಯಲ್ಲ, ಹಾಗಾಗಿ ಕಾಡಿನ ಮಂಗಕ್ಕೆ ಚಿಗಟ ಇಲ್ಲವೆನ್ನುವಷ್ಟು ಅಪರೂಪ. ಒಂದರ ತಲೆ ಇನ್ನೊಂದು ಹೆಕ್ಕುತ್ತಾ ಕೂತಿರುತ್ತವಲ್ಲ, ಸಿಗುವುದು ಹೇನು, ಉಣ್ಣೆ, ಚರ್ಮದ ಹೊಟ್ಟು.

ಆದರೆ ಒಂದು ಮಾತು. ಬೇಲಿ ಪಕ್ಕದ ಒಂದು ಇಲಿ ನೋಡಿ ದೇವರಕಾಡಿನಲ್ಲಿ ಚಿಗಟವೇ ಇಲ್ಲ ಅನ್ನಬೇಡಿ. ಚಿಗಟ ಸಮನಾಗಿ ಹಂಚಿಕೊಂಡಿರುವುದಿಲ್ಲ. ಎಷ್ಟೋ ಇಲಿಗಳಲ್ಲಿ ಏನೂ ಇರುವುದಿಲ್ಲ, ಯಾವುದೋ ಒಂದೆರಡರ ಮೇಲೆ ರಾಶಿ ಬಿದ್ದಿರುತ್ತದೆ. ಇಲಾಖೆಯಲ್ಲಿ ಒಂದು ಸರಾಸರಿ ತೆಗೆಯುತ್ತಿದ್ದೆವು: ಸಿಕ್ಕ ಪ್ಲೇಗ್ ಚಿಗಟಗಳನ್ನು ಹಿಡಿದ ಇಲಿಗಳ ಸಂಖ್ಯೆಯಿಂದ ಭಾಗಿಸುವುದು, ಖಾಲಿ ಇಲಿಗಳನ್ನೂ ಸೇರಿಸಿ. 1 ದಾಟಿದರೆ ಎಚ್ಚರಿಕೆ ಅಂತ ಲೆಕ್ಕ.

ಪೊನ್ನಂಪೇಟೆ ಹಾಸ್ಟೆಲ್:

ಪ್ರಾಜೆಕ್ಟ್ ಮಾಡುವವಳು ನಾನೇ! ಸಾರ್, ಇಲಿ ಬದಲಾದರೆ ಚಿಗಟ ಬದಲಾಗುತ್ತಾ, ಜಾಗ ಬದಲಾದರಾ? ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಬೋರಿಸ್ ಕ್ರಾಸ್ನೊವ್ ಎಂಬ ವಿಜ್ಞಾನಿ ಮತ್ತು ಜೊತೆಯವರು ಮಾಡಿದ ಕೆಲಸದ ಬಗ್ಗೆ ಓದಿದೆ. ಅಲ್ಲಿ ಒಂದೇ ಜಾತಿಯ ಮರಳಿಲಿ. ಆದರೆ ಒಂದು ಬಗೆಯ ನೆಲದಲ್ಲಿ ಅದರ ಮೇಲೆ ಒಂದು ಚಿಗಟ, ಇನ್ನೊಂದು ಬಗೆಯ ನೆಲದಲ್ಲಿ ಅದರ ದಾಯಾದಿ ಚಿಗಟ.

ಹಳೇ ಕೀಟ ಸಂಗ್ರಾಹಕ, ವಿರಾಜಪೇಟೆ:

ಎರಡೂ ಸೇರುತ್ತದಮ್ಮ. ಪ್ರಪಂಚದಲ್ಲಿ ಸುಮಾರು 2,500 ಜಾತಿ ಚಿಗಟ ಇದೆ. ಕೆಲವಕ್ಕೆ ಇಂಥದ್ದೇ ಪ್ರಾಣಿ ಆಗಬೇಕು, ಕೆಲವಕ್ಕೆ ಯಾವುದಾದರೂ ನಡೆಯುತ್ತದೆ. ಬೆಕ್ಕಿನ ಚಿಗಟ ನಾಯಿ, ಇಲಿ, ನಿಮ್ಮತ್ತೆ ಕಾಲು ಯಾವುದನ್ನೂ ಬಿಡುವುದಿಲ್ಲ. ಕೋಳಿ ಕಣ್ಣಿನ ಸುತ್ತ ಅಂಟಿಕೊಳ್ಳುವ ಒಂದು ಚಿಗಟ ಇದೆ, ಕೋಳಿಗೂಡಿನ ಹತ್ತಿರದ ಇಲಿಗೂ ಅದು ಬರುತ್ತದೆ. ನೆರೆಹೊರೆ ಯಾರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಜಾಗದ ಮಾತಿಗೆ ನಮ್ಮ ಕಡೆಯದೇ ಉದಾಹರಣೆ ಇದೆ. ದಕ್ಷಿಣ ಭಾರತದ ಮನೆ ಇಲಿಗೆ ಎರಡು ಮುಖ್ಯ ಚಿಗಟ, ಕಿಯೋಪಿಸ್ (ಆಗ ಹೇಳಿದ ಪ್ಲೇಗ್ ಚಿಗಟ ಇದೇ) ಮತ್ತು ಆಸ್ಟಿಯಾ. ಕಿಯೋಪಿಸ್‌ಗೆ ಸ್ವಲ್ಪ ತಂಪಾದ ಎತ್ತರದ ಸೀಮೆ ಹೆಚ್ಚು ಒಗ್ಗುತ್ತದೆ, ಆಸ್ಟಿಯಾ ಸೆಕೆಯ ಬಯಲಿನದು. ಮದರಾಸಿನಲ್ಲಿ ಆಸ್ಟಿಯಾ ಜಾಸ್ತಿ, ಅದು ಪ್ಲೇಗ್ ದಾಟಿಸುವುದರಲ್ಲಿ ದಂಡ. ಬೊಂಬಾಯಿ ನರಳಿದಷ್ಟು ಮದರಾಸು ನರಳದಿರಲು ಇದೂ ಒಂದು ಕಾರಣ ಅಂತ ಹರ್ಸ್ಟ್ ಎಂಬ ವಿಜ್ಞಾನಿ ವಾದಿಸಿದರು.

ನೀನಾದರೆ ಭಾಗಮಂಡಲ ಕಡೆ ಒಂದು ಊರು, ಕುಶಾಲನಗರ ಕಡೆ ಒಂದು ಊರು ಆರಿಸಿಕೋ. ಒಂದೇ ಜಿಲ್ಲೆ, ಮಳೆ ಮಾತ್ರ ಅಜಗಜಾಂತರ. ಎರಡೂ ಕಡೆ ಮನೆ, ಕೆಲಸಗಾರರ ಲೈನ್ ಮನೆ, ತೋಟ ಮೂರರಲ್ಲೂ ಬೋನು ಇಡು. ಮಳೆಗಾಲದಲ್ಲೊಮ್ಮೆ, ಕಾಫಿ ಕುಯ್ಲಿನ ಹೊತ್ತಿಗೊಮ್ಮೆ. ಕಾಡಿನೊಳಗೆ ಇಡುವುದಾದರೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕಾಲಿಡಬೇಡ.

ನಾಪೋಕ್ಲು ರೋಬಸ್ಟಾ:

ಗೋಡೌನಿಗೆ ಇವತ್ತೇ ಇಲಿ ಪಾಷಾಣ ಇಡೋಣ ಅಂತಿದ್ದೆ. ಇಡಬಹುದಾ ಸಾರ್?

ಹಳೇ ಕೀಟ ಸಂಗ್ರಾಹಕ, ವಿರಾಜಪೇಟೆ:

ಈಗಲೇ ಬೇಡ. ಮೊದಲು ಚಿಗಟ, ಆಮೇಲೆ ಇಲಿ. ಇಲಿ ಸತ್ತರೆ ಅಷ್ಟೂ ಚಿಗಟ ಚೀಲ ಹೊರುವವರ ಕಾಲಿಗೆ. ಸಂದಿಗೊಂದಿ ಗುಡಿಸಿ ಕಸ ಸುಡಿ, ಇಲಿ ಓಡಾಡುವ ದಾರಿಗೆ ಚಿಗಟ ಕೊಲ್ಲುವ ಪುಡಿ ಹಾಕಿಸಿ. ಕಾಫಿ ಚೀಲ ಆಚೆ ಇಟ್ಟ ಮೇಲೆ ಹಾಕಿಸಿ. ಆಮೇಲೂ ಕೆಲವು ದಿನ ಚಿಗಟ ಏಳುತ್ತವೆ, ಗಾಬರಿ ಬೇಡ. ಮರಿಹುಳು ಬೆಳೆದು ಕೋಶ ಕಟ್ಟಿಕೊಳ್ಳುತ್ತದೆ, ಆ ಕೋಶದೊಳಗಿನ ಚಿಗಟ ತಿಂಗಳುಗಟ್ಟಲೆ ಸುಮ್ನೆ ಕಾಯುತ್ತದೆ, ನೆಲ ಅದುರಿದರೆ, ಉಸಿರಿನ ಬಿಸಿ ತಾಗಿದರೆ ಹೊರಗೆ ಬರುತ್ತದೆ. ಬೀಗ ಹಾಕಿದ್ದ ಐನ್‌ಮನೆಯನ್ನು (ಕುಟುಂಬದ ಮೂಲಮನೆ) ಪುತ್ತರಿ ಹಬ್ಬಕ್ಕೆ ತೆಗೆದಾಗ ಬೆಂಗಳೂರಿಂದ ಬಂದ ಮಕ್ಕಳ ಕಾಲೆಲ್ಲ ಕೆಂಪಾಗುತ್ತದಲ್ಲ, ಇದರಿಂದಲೇ.

ಮತ್ತೆ ಮಗಳೇ, ಒಂದೊಂದು ಇಲಿಗೆ ಬೇರೆ ಬೇರೆ ಬಿಳಿ ಬಟ್ಟೆ ಚೀಲ, ಬಾಯಿ ಬಿಗಿಯಾಗಿ ಕಟ್ಟಿದ್ದು. ಒಂದರ ಚಿಗಟ ಇನ್ನೊಂದಕ್ಕೆ ಹಾರಿದರೆ ನಿನ್ನ ಲೆಕ್ಕವೆಲ್ಲ ನೀರಲ್ಲಿ ಹೋಮ. ಬಾಚಿದ್ದನ್ನು ಸ್ಪಿರಿಟ್ ಸೀಸೆಗೆ ಹಾಕು, ಊರು, ತಾರೀಕು, ಇಲಿ ಜಾತಿ ಬರೆದ ಚೀಟಿಯನ್ನೂ ಒಳಗೇ ಹಾಕು. ಪೆನ್ಸಿಲ್‌ನಲ್ಲೇ ಬರಿ, ಪೆನ್ನಿನ ಇಂಕು ಸ್ಪಿರಿಟ್‌ಗೆ ಕರಗುತ್ತದೆ.