ಓದದೇ ಸಹಿ ಹಾಕಬೇಡಿ ಅತ್ತೆ: ನಮ್ಮ ಮನೆ ಗುಂಪಿನಲ್ಲಿ ನಡೆದ ಜಗಳ

ಇದು ಕೊಪ್ಪಳದ ಅತ್ತೆಯ ಮನೆ ವಿಷಯ. ಶುರುವಾಗಿದ್ದು ಮಾತ್ರ ಬಳ್ಳಾರಿ ಮಾಮಾ ಹಾಕಿದ ಒಂದು ಫಾರ್ವರ್ಡ್‌ನಿಂದ. ಗುಂಪಿನಲ್ಲಿ ಬಂದ ಮಾತುಗಳನ್ನು ಹೆಸರು ತೆಗೆದು ಇಲ್ಲಿ ಹಾಕುತ್ತಿದ್ದೇನೆ. ಇಂಥದೇ ಒಪ್ಪಿಗೆ ಪತ್ರ ನಿಮ್ಮ ಓಣಿಗೂ ಬಂದಿರಬಹುದು, ಅದಕ್ಕೆ.

ಅತ್ತೆ ಇರುವುದು ಒಂದು ಸರ್ಕಾರಿ ಕಾಲೊನಿಯಲ್ಲಿ. ಒಂದು ಖೋಲಿ, ಅಡುಗೆಮನೆ, ಹಿಂದೆ ಬಚ್ಚಲು. ಬಾಡಿಗೆ ಕಟ್ಟಿದ ರಸೀದಿಗಳೆಲ್ಲ ಒಂದು ಬಿಸ್ಕತ್ ಡಬ್ಬಿಯಲ್ಲಿವೆ. ಸೂರಿನ ಸಿಮೆಂಟು ಉದುರಿ ಕಬ್ಬಿಣ ಕಾಣುತ್ತದೆ. ಚೂರುಗಳು ಪಾತ್ರೆಯೊಳಗೆ ಬೀಳದಿರಲಿ ಎಂದು ಒಲೆಯ ಮೇಲೆ ಗೊಬ್ಬರದ ಚೀಲ ಬಿಚ್ಚಿ ಕಟ್ಟಿದ್ದಾರೆ. ಹೋದ ವಾರ ಇಬ್ಬರು ಟೇಪು ಹಿಡಿದು ಬಂದರಂತೆ. ಗೋಡೆಯಿಂದ ಗೋಡೆಗೆ ಅಳೆದು, ಒಂದು ಜೆರಾಕ್ಸ್ ಹಾಳೆ ಕೊಟ್ಟು, ಸೋಮವಾರ ಬರುತ್ತೇವೆ ಸಹಿ ಮಾಡಿಡಿ ಎಂದು ಹೋದರಂತೆ. ಹಳೇ ಮನೆ ಕೆಡವಿ ಜಿ ಪ್ಲಸ್ ತ್ರೀ, ಅಂದರೆ ನೆಲಮಹಡಿಯ ಮೇಲೆ ಮೂರು ಮಹಡಿ, ಕಟ್ಟುತ್ತಾರಂತೆ. ಹಾಳೆಯಲ್ಲಿ ಇರುವುದು ಇಷ್ಟೇ: ನಾನು ಸ್ವಇಚ್ಛೆಯಿಂದ ಮನೆ ತೆರವು ಮಾಡಿಕೊಡಲು ಒಪ್ಪಿರುತ್ತೇನೆ. ಕಟ್ಟುವ ತನಕ ಎಲ್ಲಿರಬೇಕು, ಎಷ್ಟು ತಿಂಗಳು, ವಾಪಸ್ ಯಾವ ಮಹಡಿ, ವಂತಿಕೆ ಎಷ್ಟು, ಯಾವುದೂ ಇಲ್ಲ. ಯಾವ ಯೋಜನೆ ಅಂತಲೂ ಇಲ್ಲ.

ಅತ್ತೆ ಆ ಹಾಳೆಯ ಫೋಟೊ ಹಾಕಿದ್ದು ಬುಧವಾರ. ಯಾರೂ ಬಾಯಿ ಬಿಡಲಿಲ್ಲ. ಗುರುವಾರ ಬೆಳಗ್ಗೆ ಮಾಮಾನ ಫಾರ್ವರ್ಡ್ ಬಂತು.

ಬಳ್ಳಾರಿ ಮಾಮಾ: "ಅಮೆರಿಕದಲ್ಲಿ ಬಡವರ ಸರ್ಕಾರಿ ಮನೆಗಳ ಮೇಲೆ ಬುಲ್ಡೋಜರ್!! 2,056 ಕುಟುಂಬಗಳು ರಾತ್ರೋರಾತ್ರಿ ಬೀದಿಗೆ!! ನಾಳೆ ನಮ್ಮ ಸರದಿ. ಎಲ್ಲ ಗುಂಪಿಗೂ ಕಳಿಸಿ."

ಬಳ್ಳಾರಿ ಮಾಮಾ: ನೋಡಿ. ಅಲ್ಲೇ ಹೀಗಾದರೆ ಕೊಪ್ಪಳದ ಗತಿ ಏನು?

ಅಕ್ಕ: ಮಾಮಾ, ಲಿಂಕ್ ಎಲ್ಲಿ? ಯಾವ ಊರು? ಯಾವ ವರ್ಷ?

ಬಳ್ಳಾರಿ ಮಾಮಾ: ನಮ್ಮ ವಾಕಿಂಗ್ ಗುಂಪಲ್ಲಿ ಬಂತಮ್ಮ. ಅಲ್ಲಿ ಎಲ್ಲ ಓದಿದವರೇ ಇರೋದು.

ಅಕ್ಕ: 2024ರ ಆಗಸ್ಟ್‌ನಲ್ಲಿ ಟಿಬಿ (ತುಂಗಭದ್ರಾ) ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಅವತ್ತು ಡ್ಯಾಮೇ ಒಡೆಯಿತು ಅಂತ ಹಾಕಿದ್ದೂ ಇದೇ ವಾಕಿಂಗ್ ಗುಂಪಿನ ಸುದ್ದಿ. ಅವ್ವ ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ.

ಬಳ್ಳಾರಿ ಮಾಮಾ: ಗೇಟು ಹೋಗಿದ್ದು ಸುಳ್ಳಾ?

ಅಕ್ಕ: ಗೇಟು ಹೋಗಿದ್ದು ನಿಜ. ಡ್ಯಾಮ್ ಒಡೆದಿದ್ದು ಸುಳ್ಳು. ಆಧಾರ ಇಲ್ಲದೇ ಹಾಕಬೇಡಿ ಅಂತ ಎಷ್ಟು ಸಲ ಹೇಳಬೇಕು?

ಡ್ಯಾಮ್ ಅಂದರೆ ಸಾಕು, ಹೊಸಪೇಟೆ ಅಣ್ಣ ಬಂದೇ ಬರುತ್ತಾನೆ.

ಹೊಸಪೇಟೆ ಅಣ್ಣ: ಡ್ಯಾಮ್ ಅಂದ ಕೂಡಲೇ ನಮ್ಮ ಮುನಿರಾಬಾದ್ ಕ್ವಾರ್ಟರ್ಸ್ ನೆನಪಾಯ್ತು. ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು ಒಳಗೆ. ಅಜ್ಜ ಡ್ಯೂಟಿ ಮುಗಿಸಿ ಬರುವಾಗ ಸೈಕಲ್ ಬೆಲ್ ಕೇಳಿದರೆ ನಾವೆಲ್ಲ ಓಡಿ ಹೋಗುತ್ತಿದ್ದೆವು. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ನಡೆದುಕೊಂಡೇ ಹೋಗುತ್ತಿದ್ದೆವು, ದಾರಿಯುದ್ದಕ್ಕೂ ಮಂಡಕ್ಕಿ ತಿನ್ನುತ್ತಾ. ಅತ್ತೆ, ಹಿತ್ತಲಿನ ಬೇವಿನ ಮರ ನೆನಪಿದೆಯಾ? ಕಟ್ಟೆ ಮೇಲೆ ಕೂತು ನೀವು ನನಗೆ ಮಗ್ಗಿ ಹೇಳಿಕೊಡುತ್ತಿದ್ದಿರಿ.

ಇದಕ್ಕೆ ಎಲ್ಲರಿಂದಲೂ ಹೃದಯದ ಗುರುತು ಬಂತು. ಅಕ್ಕನಿಂದಲೂ ಬಂತು. ಅತ್ತೆಯ ಹಾಳೆ ಅಷ್ಟರಲ್ಲಿ ಎಲ್ಲೋ ಮೇಲೆ ಹೋಗಿಬಿಟ್ಟಿತ್ತು. ನನಗೆ ಸಂಕಟವಾಯಿತು, ಯಾಕಂದರೆ ಅಣ್ಣನಿಗೆ ಆ ಕ್ವಾರ್ಟರ್ಸ್ ಮೇಲೆ ಎಷ್ಟು ಪ್ರೀತಿಯೋ ಅತ್ತೆಗೆ ತನ್ನ ಮನೆ ಮೇಲೆ ಅಷ್ಟೇ ಇದೆ, ಅದೂ ಸರ್ಕಾರಿ ಮನೆಯೇ, ಇದೂ ಸರ್ಕಾರಿ ಮನೆಯೇ.

ದೊಡ್ಡಪ್ಪ: ಅಪ್ಪ ರಿಟೈರ್ ಆದ ದಿನ ಬೀಗದ ಕೈ ಕೊಟ್ಟು ಬಂದರು. ಒಂದು ಮಾತು ಆಡಲಿಲ್ಲ. ಸರ್ಕಾರದ ಮನೆ ಸರ್ಕಾರದ್ದೇ. ಕೊಟ್ಟಾಗ ಕೈಮುಗಿದು ತಗೋಬೇಕು, ಕೇಳಿದಾಗ ಬಿಡಬೇಕು. ಸಂಘ ಕಟ್ಟಿಕೊಂಡು ಆಫೀಸಿನ ಮುಂದೆ ಕೂಗುವುದು ನಮ್ಮ ಮನೆತನದಲ್ಲಿ ಇಲ್ಲ. ಹೊಸ ಮನೆ ಕೊಡುತ್ತೇವೆ ಅಂದರೆ ಬೇಡ ಅನ್ನುವವರು ಯಾರಾದರೂ ಇದ್ದಾರಾ?

ಅತ್ತೆ ಮಗಳು: ದೊಡ್ಡ ಮಾಮಾ, ಅಜ್ಜನಿಗೆ ಪೆನ್ಷನ್ ಇತ್ತು. ಬೀಗದ ಕೈ ಕೊಟ್ಟು ಹೋಗೋಕೆ ಹುಲಗಿಯಲ್ಲಿ ಜಾಗ ಇತ್ತು. ಅವ್ವನಿಗೆ ಏನಿದೆ?

ದೊಡ್ಡಪ್ಪ: ಹುಲಗಿ ಜಾಗದ ಮಾತು ಇಲ್ಲಿ ಯಾಕೆ?

ಅತ್ತೆ ಮಗಳು: ಅವ್ವ ಓದದೇ ಸಹಿ ಹಾಕಿದ ಮೊದಲನೇ ಹಾಳೆ ಅದೇ ಅಲ್ವಾ, ಅದಕ್ಕೆ.

ಹುಲಗಿ ಜಾಗ ಮಾರುವಾಗ ದೊಡ್ಡಪ್ಪ ಇಬ್ಬರು ತಂಗಿಯರ ಕೈಲೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು. ಅದು ಎಲ್ಲರಿಗೂ ಗೊತ್ತು, ಯಾರೂ ಎತ್ತುವುದಿಲ್ಲ. ದೊಡ್ಡಪ್ಪ ಏನೋ ಬರೆದು ಅಳಿಸಿದರು. ಮತ್ತೆ ಬರೆದರು, ಮತ್ತೆ ಅಳಿಸಿದರು. ಅಷ್ಟರಲ್ಲಿ ಬಳ್ಳಾರಿ ಅತ್ತೆ, ಗುಂಪಿನಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಏನೂ ಹಾಕದವರು, ಬಂದರು.

ಬಳ್ಳಾರಿ ಅತ್ತೆ: ನನಗೂ ಅರಿಶಿನ ಕುಂಕುಮಕ್ಕೆ ಅಂತ ಒಂದು ಇಳಕಲ್ ಸೀರೆ ಕೊಟ್ಟು ಸಹಿ ಮಾಡಿಸಿಕೊಂಡಿರಿ ಅಣ್ಣ. ಇಷ್ಟು ವರ್ಷ ಕೇಳಿಲ್ಲ. ಇವತ್ತು ಹುಡುಗಿ ಕೇಳಿದಳು ಅಂತ ಹೇಳಿದೆ.

ದೊಡ್ಡಪ್ಪ: ಅವತ್ತು ನಾನು ಮಾಡಿದ್ದು ಮನೆಯ ಸಾಲ ತೀರಿಸೋಕೆ. ನನ್ನ ಜೇಬಿಗೆ ಏನೂ ಬಂದಿಲ್ಲ.

ಹೊಸಪೇಟೆ ಅಣ್ಣ: ಅಪ್ಪಾಜಿಯನ್ನ ಗುಂಪಲ್ಲಿ ಹೀಗೆ ನಿಲ್ಲಿಸಿ ಕೇಳೋದು ಸರಿಯಲ್ಲ.

ಬಳ್ಳಾರಿ ಮಾಮಾ: ನಾನು ಹಾಕಿದ್ದು ಅಮೆರಿಕದ ಸುದ್ದಿ. ನೀವು ಎಲ್ಲಿಗೋ ಹೋದಿರಿ.

ಆಮೇಲೆ ಸೀರೆ ಯಾವ ಬಣ್ಣದ್ದು, ಸಾಲ ಯಾರ ಮದುವೆಯದ್ದು ಅನ್ನುವವರೆಗೂ ಮಾತು ಹೋಯಿತು. ಅದನ್ನು ಇಲ್ಲಿ ಹಾಕುವುದಿಲ್ಲ. ಸೋಮವಾರ ಹತ್ತಿರ ಬರುತ್ತಿತ್ತು. ಕೊನೆಗೆ ಮಾಮಾನ ಫಾರ್ವರ್ಡ್ ನಿಜವಾ ಎಂದು ನಾನೇ ಹುಡುಕಿ ಓದಿ ಹಾಕಿದೆ.

ನಾನು: ಮಾಮಾ, 2,056 ಅನ್ನುವ ಸಂಖ್ಯೆ ನಿಜ, ರಾತ್ರೋರಾತ್ರಿ ಬೀದಿಗೆ ಅನ್ನುವುದು ಸುಳ್ಳು. ಅದು ನ್ಯೂಯಾರ್ಕ್ ನಗರದ ಚೆಲ್ಸಿ ಅನ್ನುವ ಕಡೆ. ಅಲ್ಲಿನ ವಸತಿ ಪ್ರಾಧಿಕಾರ 1934ರಲ್ಲಿ ಶುರುವಾಗಿದ್ದು, ಮನೆ ಆದಾಯದ ಸುಮಾರು ಶೇ. 30 ಬಾಡಿಗೆ ತಗೊಳ್ಳುತ್ತಾರೆ. 2019ರಲ್ಲಿ ಕೆಲವು ಕಟ್ಟಡ ಕೆಡವುವ ಮಾತು ಬಂದಾಗ ಅಲ್ಲಿದ್ದವರು ಒಟ್ಟಾಗಿ ಬೇಡ ಅಂದರು. ಆಗ ನಿವಾಸಿಗಳನ್ನೂ ಜನಪ್ರತಿನಿಧಿಗಳನ್ನೂ ಸೇರಿಸಿ ಒಂದು ಸಮಿತಿ ಮಾಡಿದರು. ಅವರು ತಿಂಗಳುಗಟ್ಟಲೆ ಕೂತು 2021ರಲ್ಲಿ ಮನೆಗಳನ್ನು ದುರಸ್ತಿ ಮಾಡುವ ದಾರಿ ಹೇಳಿದರು. 2023ರಲ್ಲಿ ಪ್ರಾಧಿಕಾರ ಮತ್ತೆ ಬಂದು, ಎಲ್ಲ 2,056 ಮನೆ ಕೆಡವಿ ಹೊಸದಾಗಿ ಕಟ್ಟಿ ಇದ್ದವರಿಗೇ ಕೊಡುತ್ತೇವೆ, ಜೊತೆಗೆ ಅದೇ ಜಾಗದಲ್ಲಿ ಸಾವಿರಾರು ಬೇರೆ ಮನೆ ಕಟ್ಟುತ್ತೇವೆ, ಸಮೀಕ್ಷೆಯಲ್ಲಿ ಜನ ಇದನ್ನೇ ಕೇಳಿದ್ದಾರೆ ಅಂದಿತು. ನಿವಾಸಿಗಳ ಸಂಘದ ಮುಖಂಡರು ಯೋಜನೆಯ ಪರ. ಇನ್ನು ಕೆಲವು ನಿವಾಸಿಗಳು ಸಮೀಕ್ಷೆಯೇ ಸರಿಯಿಲ್ಲ ಅಂದರು, ಯೋಜನೆಯ ವಿರುದ್ಧ ಕೋರ್ಟಿಗೂ ಹೋದರು.

ಅಕ್ಕ: ಅಂದರೆ ಅಲ್ಲೂ ಜಗಳ ಇದೇ. ಜನ ಒಪ್ಪಿದ್ದಾರೆ ಅನ್ನುವುದಕ್ಕೆ ಲೆಕ್ಕ ಏನು ಅಂತ.

ನಾನು: ಹೌದು. ಅದೇ ಊರಿನ ಬ್ರೂಕ್ಲಿನ್ ಕಡೆ ನೋಸ್ಟ್ರಾಂಡ್ ಅನ್ನುವ ಸರ್ಕಾರಿ ವಸತಿಯಲ್ಲಿ 2023ರಲ್ಲಿ ಮತವನ್ನೇ ಹಾಕಿಸಿದರು. ಸರ್ಕಾರದ್ದೇ ಒಂದು ಹೊಸ ಟ್ರಸ್ಟಿನ ಕೈಗೆ ಹೋಗಬೇಕಾ, ಖಾಸಗಿಯವರು ನೋಡಿಕೊಳ್ಳಬೇಕಾ, ಇದ್ದ ಹಾಗೇ ಇರಬೇಕಾ ಅಂತ ಮೂರು ಆಯ್ಕೆ. ಜನ ಟ್ರಸ್ಟ್ ಆರಿಸಿದರು. ಅಮೆರಿಕದ ನಿಯಮದಲ್ಲಿ ಪ್ರಾಧಿಕಾರದ ವಾರ್ಷಿಕ ಯೋಜನೆಗೆ ಬಹಿರಂಗ ಸಭೆ ಕರೆಯಬೇಕು, ಕನಿಷ್ಠ 45 ದಿನ ಮೊದಲೇ ತಿಳಿಸಿ ಕಾಗದಪತ್ರ ನೋಡಲು ಇಡಬೇಕು. ಅತ್ತೆಗೆ ಕೊಟ್ಟಿರುವುದು ಸೋಮವಾರದವರೆಗೆ, ಒಂದು ಜೆರಾಕ್ಸ್ ಹಾಳೆ.

ದೊಡ್ಡಪ್ಪ: ಅಮೆರಿಕದ ಕಾನೂನು ಕೊಪ್ಪಳದಲ್ಲಿ ನಡೆಯುತ್ತದಾ?

ಇದು ನ್ಯಾಯವಾದ ಪ್ರಶ್ನೆ. ಉತ್ತರ ಕೊಟ್ಟಿದ್ದು ಅಕ್ಕ, ಅವಳು ಅಷ್ಟರಲ್ಲಿ ತಾನೇ ಓದಲು ಕೂತಿದ್ದಳು.

ಅಕ್ಕ: ನಡೆಯಲ್ಲ ದೊಡ್ಡಪ್ಪ. ನಮ್ಮದೇ ಇದೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಮಾರ್ಗಸೂಚಿಯಲ್ಲಿ, ಕೊಳಗೇರಿ ಇದ್ದ ಜಾಗದಲ್ಲೇ ಮನೆ ಕಟ್ಟುವಾಗ ಅಲ್ಲಿನವರ ಸಂಘದ ಮೂಲಕವೋ ಬೇರೆ ರೀತಿಯಲ್ಲೋ ಅವರನ್ನು ಕೇಳಬೇಕು ಅಂತ ಬರೆದಿದೆ. ಕಟ್ಟುವ ತನಕ ತಾತ್ಕಾಲಿಕ ವಸತಿ ಕೊಡಬೇಕು ಅಂತಲೂ ಇದೆ. ಆದರೆ ಅತ್ತೆ ಮನೆ ಯಾವ ಯೋಜನೆಯಲ್ಲಿ ಬರುತ್ತದೆ ಅಂತ ಹಾಳೆಯಲ್ಲಿ ಇಲ್ಲ, ಅದನ್ನೇ ಮೊದಲು ಕೇಳಬೇಕು. ಕಾಲೊನಿ ಘೋಷಿತ ಕೊಳಗೇರಿ ಪಟ್ಟಿಯಲ್ಲಿದ್ದರೆ ರಾಜ್ಯದ 1973ರ ಕೊಳಗೇರಿ ಕಾಯ್ದೆ ಬರುತ್ತದೆ. ಅದೂ ಗೊತ್ತಿಲ್ಲ.

ಬಳ್ಳಾರಿ ಮಾಮಾ: ಸುಪ್ರೀಂ ಕೋರ್ಟ್ 15 ದಿನ ನೋಟಿಸ್ ಕೊಡಬೇಕು ಅಂದಿದೆ ಅಲ್ವಾ? ಅದನ್ನೇ ಹಿಡಿದು ಕೂತರೆ ಆಯ್ತು.

ಅಕ್ಕ: 2024ರ ನವೆಂಬರ್ 13ರ ತೀರ್ಪು ಅದು. ಅಕ್ರಮ ಕಟ್ಟಡ ಅಂತ ಹೇಳಿ ಕೆಡವುವಾಗ ಏನು ಮಾಡಬೇಕು ಅನ್ನುವುದು. ಅತ್ತೆ ಅಕ್ರಮವಾಗಿ ಕೂತಿಲ್ಲ, ರಸೀದಿ ಇದೆ. ಸುಮ್ನೆ ಸಿಕ್ಕಿದ ತೀರ್ಪೆಲ್ಲ ತಂದು ಜೋಡಿಸಿದರೆ ಆಫೀಸಿನಲ್ಲಿ ಮೊದಲನೇ ಮಾತಿಗೇ ಸೋಲುತ್ತೇವೆ.

ನನಗೆ ಅಕ್ಕನ ಈ ಹಟ ಇಷ್ಟ. ಗುಂಪಿನಲ್ಲಿ ಅರ್ಧ ಜನಕ್ಕೆ ಅವಳ ಮೇಲೆ ಸಿಟ್ಟಿದೆ, ಎಲ್ಲದಕ್ಕೂ ಆಧಾರ ಕೇಳುತ್ತಾಳೆ ಅಂತ. ಆದರೆ ಆಧಾರ ಕೇಳುವವರು ಒಬ್ಬರಾದರೂ ಇದ್ದರೆ ತಾನೇ ಅತ್ತೆಯಂಥವರು ಉಳಿಯುವುದು.

ಇಷ್ಟೆಲ್ಲ ಆದರೂ ಅತ್ತೆಗೆ ಏನು ಬೇಕು ಅಂತ ನಾವ್ಯಾರೂ ಕೇಳಿರಲಿಲ್ಲ. ರಾತ್ರಿ ಅವರೇ ವಾಯ್ಸ್ ಮೆಸೇಜ್ ಹಾಕಿದರು. ಹಿಂದೆ ಕುಕ್ಕರ್ ಕೂಗುತ್ತಿತ್ತು.

ಕೊಪ್ಪಳ ಅತ್ತೆ: ನನಗೆ ಹೊಸ ಮನೆ ಬೇಕಪ್ಪ. ಈ ಸೂರಿನ ಕೆಳಗೆ ಮಲಗೋಕೆ ಹೆದರಿಕೆ. ಆದರೆ ಮೂರನೇ ಮಹಡಿ ಕೊಟ್ಟರೆ ಈ ಮೊಣಕಾಲಲ್ಲಿ ನಾನು ಹೇಗೆ ಹತ್ತಲಿ? ಬಾಗಿಲಲ್ಲಿ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿದು, ಸೀರೆಗೆ ಫಾಲ್ ಹಚ್ಚಿ ದಿನ ದೂಡುತ್ತೇನೆ. ಹೋಗೋರು ಬರೋರು ನೋಡಿ ಕೊಡುತ್ತಾರೆ. ಮೇಲೆ ಹೋದರೆ ಯಾರು ಬರುತ್ತಾರೆ? ಕಟ್ಟೋತನಕ ಹೊರಗೆ ಬಾಡಿಗೆ ಮನೆ ಹಿಡಿದರೆ ಅಡ್ವಾನ್ಸ್ ಯಾರು ಕೊಡುತ್ತಾರೆ? ಪಕ್ಕದ ಮನೆಯವರು ಸಹಿ ಮಾಡಿಬಿಟ್ಟರು. ಮಾಡದವರಿಗೆ ಮನೆ ಸಿಗಲ್ಲ ಅಂತ ಯಾರೋ ಹೇಳಿದರಂತೆ. ನಾನು ಬೇಡ ಅಂತ ಹೇಳುತ್ತಿಲ್ಲ. ಇದನ್ನೆಲ್ಲ ಯಾರನ್ನ ಕೇಳಬೇಕು, ಅಷ್ಟು ಹೇಳಿ ನನಗೆ.

ಒಪ್ಪಿದರೆ ಬಾಯಿ ಮುಚ್ಚಬೇಕು, ಬಾಯಿ ಬಿಟ್ಟರೆ ವಿರೋಧಿ, ಹೀಗೆ ಎರಡೇ ಗೂಟ ನೆಟ್ಟು ಜನರನ್ನು ಕಟ್ಟಿಹಾಕುತ್ತಾರೆ. ನಮ್ಮ ಗುಂಪಿನಲ್ಲೂ ಇಡೀ ದಿನ ಅದೇ ನಡೆದಿತ್ತು. ಅತ್ತೆಯ ಪ್ರಶ್ನೆಗಳು ಎರಡರ ಮಧ್ಯೆ ಇವೆ, ಒಬ್ಬರೇ ಹೋಗಿ ಕೇಳಿದರೆ ನಾಳೆ ಬಾ ಅನ್ನುತ್ತಾರೆ. ಕಾಲೊನಿಯ ಎಲ್ಲರೂ ಸೇರಿ ಬರವಣಿಗೆಯಲ್ಲಿ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಅದಕ್ಕೆ ಒಂದು ಮನವಿ ಬರೆದು ಹಾಕಿದೆ. ಯೋಜನೆಯ ಹೆಸರು, ನಕ್ಷೆ, ಫಲಾನುಭವಿ ಪಟ್ಟಿ, ವಂತಿಕೆ ಎಷ್ಟು, ತಾತ್ಕಾಲಿಕ ವಸತಿ ಎಲ್ಲಿ, ಎಷ್ಟು ತಿಂಗಳು. ವಯಸ್ಸಾದವರಿಗೆ, ಅಂಗವಿಕಲರಿಗೆ ಕೆಳಗಿನ ಮನೆ. ಬಾಗಿಲಲ್ಲಿ ಅಂಗಡಿ, ಹೊಲಿಗೆ ಇಟ್ಟುಕೊಂಡವರಿಗೆ ಜಾಗ. ಕಾಲೊನಿಯಲ್ಲೇ ಸಭೆ ಕರೆದು ಇದನ್ನೆಲ್ಲ ಹೇಳುವ ತನಕ ಒಬ್ಬೊಬ್ಬರ ಹತ್ತಿರ ಸಹಿ ಕೇಳಬಾರದು. ಜೊತೆಗೆ ಮಾಹಿತಿ ಹಕ್ಕಿನ ಅರ್ಜಿಯೂ ಇರಲಿ, 2005ರ ಕಾಯ್ದೆಯಲ್ಲಿ 30 ದಿನದೊಳಗೆ ಉತ್ತರ ಕೊಡಬೇಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ.

ತುಂಬ ಹೊತ್ತು ಯಾರೂ ಏನೂ ಹಾಕಲಿಲ್ಲ. ಆಮೇಲೆ ಬಂದಿದ್ದು ದೊಡ್ಡಪ್ಪ.

ದೊಡ್ಡಪ್ಪ: ಮನವಿ ಎರಡು ಪ್ರತಿ ಮಾಡಿ. ಸಾಹೇಬರ ಕೈಗೆ ಕೊಟ್ಟು ಬಂದರೆ ಕಳೆದುಹೋಗುತ್ತದೆ. ಟಪಾಲು ಸೆಕ್ಷನ್ನಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಸ್ವೀಕೃತಿ ನಂಬರ್ ಹಾಕಿಸಿಕೊಳ್ಳಿ. ಮನೆ ನಂಬರ್ ಬರೆದು ಎಲ್ಲರ ಸಹಿ ಇರಲಿ. ಈಗಾಗಲೇ ಒಪ್ಪಿಗೆ ಕೊಟ್ಟವರ ಸಹಿಯೂ ಬೇಕು, ಅವರೂ ಪ್ರಶ್ನೆ ಕೇಳಬಹುದು.

ಅತ್ತೆ ಮಗಳು: ಆಯ್ತು ದೊಡ್ಡ ಮಾಮಾ. ಹುಲಗಿ ವಿಷಯ ನಾನು ಬಿಟ್ಟಿಲ್ಲ.

ದೊಡ್ಡಪ್ಪ: ಮೊದಲು ಇದು ಆಗಲಿ.

ಭಾನುವಾರ ಸಂಜೆ ಕಾಲೊನಿಯ ನೀರಿನ ಟ್ಯಾಂಕ್ ಹತ್ತಿರ ಸಭೆ. ಹೊಸಪೇಟೆ ಅಣ್ಣ ಬರುತ್ತಾನೆ, ಅಕ್ಕ ರಾಯಚೂರಿನಿಂದ ಬೆಳಗಿನ ಬಸ್ಸಿಗೆ ಹೊರಡುತ್ತಾಳೆ. ಅತ್ತೆ ಅಕ್ಕಪಕ್ಕದ ಮನೆಗಳಿಗೆ ಹೋಗಿ ಬಾಡಿಗೆ ರಸೀದಿ, ರೇಷನ್ ಕಾರ್ಡು, ಕರೆಂಟ್ ಬಿಲ್ ತರಲು ಹೇಳಿದ್ದಾರೆ. ಮಾಮಾ ಮಾತ್ರ ಆ ಫಾರ್ವರ್ಡ್ ಇನ್ನೂ ಅಳಿಸಿಲ್ಲ, ಅಕ್ಕ ಮತ್ತೆ ಕೇಳಿದ್ದಾಳೆ.